ಮೊದಲು ಕಿಟಕಿ, ಆಮೇಲೆ ಕಾಂಕ್ರೀಟ್

ಗಲ್ಫ್‌ನಲ್ಲಿ ದುಡಿಯುವ ನಮ್ಮಲ್ಲಿ ಹೆಚ್ಚಿನವರು ಊರಲ್ಲಿ ಮನೆ ಕಟ್ಟಿಸೋದು ವಾಟ್ಸಾಪ್‌ನಲ್ಲೇ. ಮುರಕಲ್ಲಿನ ಗೋಡೆಯಾದರೆ ಅದು ಹೇಗೋ ನಡೀತಿತ್ತು. ಕಿಟಕಿ ಎರಡು ಇಂಚು ಆಚೀಚೆ ಆದರೆ ಮೇಸ್ತ್ರಿ ಕಲ್ಲು ಕೆತ್ತಿ ಸರಿ ಮಾಡುತ್ತಿದ್ದ. ಅಚ್ಚು ಕಟ್ಟಿ ಕಾಂಕ್ರೀಟ್ ಸುರಿದು ಎಬ್ಬಿಸುವ ಗೋಡೆಯ ಲೆಕ್ಕವೇ ಬೇರೆ.

ಇಲ್ಲಿ ಕಿಟಕಿಯ ಜಾಗವನ್ನು ಶಟರಿಂಗ್ ಒಳಗೇ ಪೆಟ್ಟಿಗೆ ಇಟ್ಟು ಬಿಡಬೇಕು. ಆಮೇಲೆ ದೊಡ್ಡದು ಮಾಡಬೇಕೆಂದರೆ ಒಳಗಿನ ಕಬ್ಬಿಣವನ್ನೂ ಕೊಯ್ಯಬೇಕು. ಗೋಡೆಯ ಬಲ ಕುಂದುತ್ತದೆ. ಹಾಗಾಗಿ ಚೌಕಟ್ಟು ಅಲ್ಯೂಮಿನಿಯಮ್ಮೋ ಯುಪಿವಿಸಿಯೋ, ಅಳತೆ ಎಷ್ಟು ಎಂಬುದು ಮೊದಲೇ ಕಾಗದದಲ್ಲಿರಬೇಕು. ಕೆಳಗಿನ ಅಂಚು ಹೊರಕ್ಕೆ ಇಳಿಜಾರಾಗಿರಬೇಕು, ಮೂಲೆಗಳಿಗೆ ಓರೆ ಕಂಬಿ ಬೇಕು, ಚೌಕಟ್ಟಿನ ಸುತ್ತಲಿನ ಸಂದಿಗೆ ಸೀಲೆಂಟ್ ಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರು ಕಡೆ ಇದು ಶೋಕಿ ಅಲ್ಲ.

ಲೆಕ್ಕ ಬರೆಯೋ ಕೆಲಸದವರಾದ ನಮಗೆ ಕಾಣೋದು ಇಷ್ಟೇ: ಮಾರ್ಬಲಿಗೆ, ಗೇಟಿಗೆ ಹಣ ಎತ್ತಿಡುತ್ತೇವೆ, ಕಿಟಕಿಗೆ ಮಾತ್ರ "ಆಮೇಲೆ ನೋಡೋಣ" ಅನ್ನುತ್ತೇವೆ. ಆ "ಆಮೇಲೆ"ಯೇ ದುಬಾರಿ.

ಕಂತು ಕಳಿಸುವ ಮುಂಚೆ ಕಿಟಕಿಗಳ ಅಳತೆಪಟ್ಟಿ ತರಿಸಿಕೊಳ್ಳೋಣ. ಸುರಿಯುವ ಹಿಂದಿನ ದಿನ ಪೆಟ್ಟಿಗೆಗೆ ಟೇಪ್ ಹಿಡಿದ ಫೋಟೋ ಕೇಳೋಣ. ಕೊನೆಯ ಕಂತಿನ ಒಂದು ಪಾಲು ಮೊದಲ ಮಳೆಗಾಲ ಕಳೆದ ಮೇಲೆ ಎಂದು ಕರಾರಿನಲ್ಲೇ ಬರೆಸೋಣ. ಎತ್ತರ, ಅಗಲ ತೀರ್ಮಾನಿಸುವಾಗ ಉಮ್ಮನನ್ನೂ ಹೆಂಡತಿಯನ್ನೂ ಕೇಳೋಣ. ನಾವು ಆ ಕಿಟಕಿಯ ಹತ್ತಿರ ಕೂರೋದು ರಜೆಯ ಒಂದು ತಿಂಗಳು. ಜೂನ್ ಮಳೆಗೆ ನೆಲ ಒರೆಸೋದು ಅವರು.