ಪರವಾನಗಿ ಇಲ್ಲದ ಮನೆಯ ಬಾಡಿಗೆದಾರನಿಗೆ ಹಕ್ಕಿಲ್ಲವೇ?

2011ರ ಜುಲೈ 29ರಂದು ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ನೆಲೆಸಿದ್ದವರ ಮನೆ, ಅಂಗಡಿಗಳನ್ನು ಜಿಲ್ಲಾಡಳಿತ ಕೆಡವಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಸಾಮಾನು ಸಾಗಿಸಲು ಒಂದು ದಿನದ ಕಾಲಾವಕಾಶವೂ ಸಿಗಲಿಲ್ಲವೆಂಬುದು ಅಲ್ಲಿನವರ ದೂರಾಗಿತ್ತು. ವಿಶ್ವ ಪರಂಪರೆಯ ತಾಣವನ್ನು ರಕ್ಷಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಾಸ ಅನಧಿಕೃತವೆಂದ ಮಾತ್ರಕ್ಕೆ ವಾಸಿಸುವವನು ಹಕ್ಕಿಲ್ಲದವನಾಗುವನೇ? ಅಂದು ಆಡಳಿತದ ಮುಂದೆ ಎದ್ದ ಈ ಪ್ರಶ್ನೆಯನ್ನು ಇಂದು ನಮ್ಮ ಮನೆ ಮಾಲೀಕರ ಮುಂದೆಯೂ ಇಡಬೇಕಾಗಿದೆ.

ಹೊಸಪೇಟೆ, ಸಂಡೂರು, ಕಂಪ್ಲಿಗಳಂತಹ ಊರುಗಳಲ್ಲಿ ಪರವಾನಗಿಯಿಲ್ಲದೆ ಎಬ್ಬಿಸಿದ ಮೇಲಂತಸ್ತು, ತಗಡಿನ ಕೋಣೆಗಳು ಬಾಯಿಮಾತಿನ ಮೇಲೆ ಬಾಡಿಗೆಗೆ ಹೋಗುವುದು ಹೊಸದೇನಲ್ಲ. ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಳ್ಳುವಾಗ ನೆನಪಾಗದ ಪರವಾನಗಿ, ಬಾಡಿಗೆದಾರನನ್ನು ಹೊರಹಾಕುವಾಗ ಮಾತ್ರ ನೆನಪಾಗುವುದು ಯಾವ ನ್ಯಾಯ? ಪರವಾನಗಿ ಪಡೆಯದ ತಪ್ಪು ಕಟ್ಟಿದವನದು, ಬಾಡಿಗೆ ತೆತ್ತವನದಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬೇರೆ ಕರಾರಾಗಲಿ ವಿಶೇಷ ಕಾಯ್ದೆಯಾಗಲಿ ಅನ್ವಯಿಸದ ಕಡೆ, ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಅವಧಿ ಮುಗಿದರೂ ಬಾಡಿಗೆದಾರ ತೆರವು ಮಾಡದಿದ್ದರೆ ಮಾಲೀಕನು ನ್ಯಾಯಾಲಯಕ್ಕೆ ಹೋಗಬೇಕೇ ಹೊರತು ಬೀಗ ಜಡಿಯುವುದು, ನೀರು, ವಿದ್ಯುತ್ ಕಡಿಯುವುದು, ಸಾಮಾನನ್ನು ಬೀದಿಗೆಸೆಯುವುದು ಸಲ್ಲದು. ಹೀಗೆ ಬಲವಂತದಿಂದ ಹೊರದಬ್ಬಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು.

ಸರಕಾರಕ್ಕೂ ಕಟ್ಟಳೆಗಳಿವೆ. ರಸ್ತೆ, ಕಾಲುದಾರಿ, ನದಿಪಾತ್ರದಂತಹ ಸಾರ್ವಜನಿಕ ಸ್ಥಳಗಳನ್ನೂ ನ್ಯಾಯಾಲಯದ ಆದೇಶವಿರುವ ಪ್ರಕರಣಗಳನ್ನೂ ಬಿಟ್ಟು, ಬೇರಾವುದೇ ಕಟ್ಟಡ ಕೆಡವುವ ಮುನ್ನ 15 ದಿನಗಳ ನೋಟಿಸ್ ಮತ್ತು ಅಹವಾಲು ಹೇಳುವ ಅವಕಾಶ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ತೀರ್ಪಿತ್ತಿದೆ.

ಹಾಗೆಂದು ಅನಧಿಕೃತ ಕಟ್ಟಡ ಸಕ್ರಮವಾಗಿಬಿಡುವುದಿಲ್ಲ. ತುಂಗಭದ್ರೆಯ ಆಚೆ ದಡದ ವಿರುಪಾಪುರ ಗಡ್ಡೆಯ ರೆಸಾರ್ಟುಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಕಟ್ಟಡ ಉಳಿಯದೆ ಹೋಗಬಹುದು, ಆದರೆ ಅದರಲ್ಲಿರುವವರನ್ನು ತೆರವುಗೊಳಿಸುವ ರೀತಿ ನ್ಯಾಯಬದ್ಧವಾಗಿರಲೇಬೇಕು.

ಆದುದರಿಂದ ಮಾಲೀಕರು ಬಾಡಿಗೆಗೆ ರಸೀದಿ ಕೊಡಲಿ, ಕರಾರನ್ನು ಬರೆದಿಡಲಿ, ತೆರವಿನ ದಿನ ಮುಂಗಡ ಹಣವನ್ನು ಲೆಕ್ಕ ಮಾಡಿ ಹಿಂದಿರುಗಿಸಲಿ. ಬಾಡಿಗೆದಾರರೂ ನೋಟಿಸನ್ನು ಕಡೆಗಣಿಸದೆ, ಬಾಕಿ ಉಳಿಸಿಕೊಳ್ಳದೆ ನಡೆದುಕೊಳ್ಳಲಿ. ಇಂತಹ ಜಗಳ ಜಮಾಅತಿನ ಹಿರಿಯರ ಮುಂದೆ ಬಂದಾಗ, ಮನೆಯ ಒಡೆತನ ಯಾರದೆಂಬುದರ ಜೊತೆಗೆ ನೋಟಿಸ್ ಕೊಟ್ಟಿದ್ದಾರೆಯೇ ಎಂದೂ ಅವರು ಕೇಳಲಿ. ಬಡವನ ಪಾಲಿಗೆ ಆ ಒಂದು ಪ್ರಶ್ನೆಯೇ ದೊಡ್ಡ ಆಸರೆ.