ಶುಲ್ಕ ತಗೊಳ್ಳುವಾಗ ಸಕ್ರಮ, ಮನೆ ಕಟ್ಟುವಾಗ ಅಕ್ರಮ!

ಅಡಿಕೆ ಮಾರಿದ ದುಡ್ಡು ಕೂಡಿಟ್ಟು ನಮ್ಮ ಹಳ್ಳಿಗಳವರು ಶಿವಮೊಗ್ಗದಲ್ಲಿ ಸೈಟು ಕೊಳ್ಳುತ್ತೇವೆ. ಮಕ್ಕಳ ಕಾಲೇಜು, ಆಸ್ಪತ್ರೆ, ತುಂಗೆಯ ನೀರು ಎಲ್ಲ ಅಲ್ಲಿದೆ, ಆಸೆ ತಪ್ಪಲ್ಲ. 2023ರಲ್ಲಿ ಸೋಗಾನೆಗೆ ವಿಮಾನ ಬಂದ ಮೇಲೆ ಬ್ರೋಕರುಗಳ ಮಾತಿಗೂ ರೆಕ್ಕೆ ಬಂದಿದೆ.

ಭೂಪರಿವರ್ತನೆಯಾಗದ ಗದ್ದೆಗೆ ಕಲ್ಲು ನೆಟ್ಟು ಸೈಟೆಂದು ಮಾರಿದವನು ದುಡ್ಡೆಣಿಸಿಕೊಂಡು ಹೋದ. ಸರ್ಕಾರವೂ ಮುದ್ರಾಂಕ ಶುಲ್ಕ ಪಡೆದು ನೋಂದಣಿ ಮಾಡಿಕೊಟ್ಟಿತು. ಮನೆ ಕಟ್ಟಲು ಹೊರಟರೆ ಅದೇ ಸರ್ಕಾರ, 'ಇದು ರೆವಿನ್ಯೂ ಸೈಟು, ಲೈಸೆನ್ಸ್ ಇಲ್ಲ' ಅನ್ನುತ್ತದೆ! 2025ರಲ್ಲಿ ನಗರಗಳಿಗೆ ಬಿ-ಖಾತಾ ಕೊಟ್ಟರು. ಅದರರ್ಥ ಇಷ್ಟೇ: ತೆರಿಗೆ ಕಟ್ಟಿ, ಸಕ್ರಮವಾಯಿತು ಅಂದುಕೊಳ್ಳಬೇಡಿ.

ಶುಲ್ಕ ಪಡೆಯುವಾಗ ಕಾಣದ ಅಕ್ರಮ ಆಮೇಲೆ ಹೇಗೆ ಕಂಡಿತು? ದಂಡ ಹಾಕುವುದಿದ್ದರೆ ಲೇಔಟ್ ಮಾಡಿದವನಿಗೆ ಹಾಕಿ, ಕಣ್ಣುಮುಚ್ಚಿದ ಅಧಿಕಾರಿಗೆ ಹಾಕಿ. ಕೊಂಡ ರೈತನಿಗಲ್ಲ. ಇದು ನಮ್ಮ ಒತ್ತಾಯ.

ಅಲ್ಲಿಯವರೆಗೆ, ಅಡ್ವಾನ್ಸ್ ಕೊಡುವ ಮೊದಲೇ ಅಲಿನೇಷನ್ ಆದೇಶ ಮತ್ತು ಸೂಡಾ ಒಪ್ಪಿದ ಲೇಔಟ್ ನಕ್ಷೆ ಕೇಳಿ. 2019ರ ಆಗಸ್ಟಿನ ನೆರೆಯಲ್ಲಿ ಆ ಜಾಗಕ್ಕೆ ನೀರು ಬಂದಿತ್ತೇ ಎಂದು ಅಕ್ಕಪಕ್ಕದವರನ್ನು ವಿಚಾರಿಸಿ. 'ಕಾಗದ ಆಮೇಲೆ ಮಾಡಿಸಿಕೊಡ್ತೀವಿ' ಅಂದರೆ ಎದ್ದು ಬನ್ನಿ.