ಕಸಬರಿಗೆಗೆ ಯಾವ ಮತ?

ನಮ್ಮ ವಡ್ಡೆಪಲ್ಲಿ ಕಡೆ ಕಸಬರಿಗೆ ಅಂದರೂ ನಡೀತದೆ, ಚೀಪುರು ಅಂದರೂ ನಡೀತದೆ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ನಡಿಗಡ್ಡೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ತನಕ ರಾಯಚೂರು ಜಿಲ್ಲೆಯಲ್ಲೇ ಇದ್ದವು. ನಡುವೆ ಗಡಿ ಬಂತು, ಆದರೂ ಎರಡೂ ಮಾತು ಉಳಿದವು. ಜೊತೆಗೆ ಇನ್ನೊಂದು ಉಳಿಯಿತು: ಕಸಬರಿಗೆ ಯಾರ ಕೈಯಲ್ಲಿರಬೇಕು ಎಂಬ ಕಟ್ಟಳೆ. ಅದು ಮಾತ್ರ ಎರಡೂ ಭಾಷೆಯಲ್ಲಿ ಒಂದೇ.

2009ರ ಅಕ್ಟೋಬರ್ ನೆನಪು ಮಾಡಿಕೊಳ್ಳಿ. ತುಂಗಭದ್ರೆ ಉಕ್ಕಿ ನಮ್ಮ ನೆರೆಯ ರಾಜೋಲಿಗೆ ನುಗ್ಗಿದಳು. ಮನೆ ಬಿದ್ದವು, ಮಗ್ಗ ಮುಳುಗಿದವು. ನೀರು ಇಳಿದ ಮೇಲೆ ನಾನೂ ಹೋಗಿದ್ದೆ. ಓಣಿ ತುಂಬ ರಾಡಿ, ಸತ್ತ ದನಗಳ ನಾತ. ಹೊರಗಿನಿಂದ ಬಂದವರಲ್ಲಿ ಚರ್ಚಿನ ಕಡೆಯ ಕೆಲವು ಹುಡುಗರೂ ಇದ್ದರು. ಪ್ಯಾಂಟು ಮೊಣಕಾಲಿಗೆ ಮಡಚಿ, ಸಲಿಕೆ ಬುಟ್ಟಿ ಹಿಡಿದು ರಾಡಿ ಹೊರುತ್ತಿದ್ದರು. ಚಹಾದಂಗಡಿ ಹತ್ತಿರ ಒಬ್ಬರು ಅಂದರು, “ಇದೇನು ಸುಮ್ನೆ ಮಾಡ್ತಾರೇನ್ರಿ? ನಾಳೆ ಮತಕ್ಕೆ ಕರೀತಾರೆ.” ಅಲ್ಲೇ ಇದ್ದ ನೇಕಾರರ ಮುದುಕಿ ಬಿಡಲಿಲ್ಲ: “ಮೊದಲು ನನ್ನ ಮಗ್ಗದ ಗುಂಡಿ ಖಾಲಿ ಆಗಲಪ್ಪ. ಕರೆಯೋದು ಅವರ ಮಾತು, ಹೋಗೋದು ಬಿಡೋದು ನನ್ನ ಮಾತು.”

ಅನುಮಾನ ಪಡುವುದು ತಪ್ಪು ಅಂತ ನಾನು ಹೇಳೋದಿಲ್ಲ. ಮುಂಗಡ ಕೊಟ್ಟು ಫಸಲು ಬರೆಸಿಕೊಳ್ಳುವ ಅಡತಿ ಲೆಕ್ಕ ನಮಗೆ ಗೊತ್ತಿಲ್ಲದ್ದೇನಲ್ಲ. ಷರತ್ತು ಹಾಕಿ ಮಾಡಿದ ಸೇವೆ ವ್ಯಾಪಾರವೇ ಸರಿ. ಆದರೆ ಎಲ್ಲ ಸೇವೆಯನ್ನೂ ಅದೇ ತಕ್ಕಡಿಯಲ್ಲಿ ತೂಗಬಾರದು. ನಿಜಾಮಾಬಾದ್ ಹತ್ತಿರದ ಡಿಚ್‌ಪಲ್ಲಿಯನ್ನೇ ನೋಡಿ. ನೂರು ವರ್ಷದ ಹಿಂದೆ ಮಿಷನರಿ ವೈದ್ಯೆ ಇಸಬೆಲ್ ಕೆರ್ ಅಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದರು. ಅದಕ್ಕೆ ದೊಡ್ಡ ಹಣ ಕೊಟ್ಟವರು ಹಿಂದೂ ದಾನಿ ರಾಜಾ ನರಸಾಗೌಡರು. ಊರು ಹೊರಗಿಟ್ಟವರ ಹುಣ್ಣು ತೊಳೆಯುವ ಕೆಲಸಕ್ಕೆ ಎರಡು ಮತದ ಕೈಗಳು ಕೂಡಿದವು.

ಹಾಗಂತ ಮಿಷನ್ನಿನವರಿಗೂ ಒಂದು ಮಾತು ಹೇಳಬೇಕು. ಇನ್ನೊಂದು ಗಡಿ ಊರು ಕೋಲಾರದ ಕೆ.ಜಿ.ಎಫ್. ನೋಡಿ. ಭೂಮಿಯೊಳಗಿಂದ ಚಿನ್ನ ತೆಗೆದ ಆ ಊರಿನಲ್ಲಿ ಒಣ ಪಾಯಖಾನೆ ಬಳಿದವರು ತೆಲುಗು ಮಾತಾಡುವ ದಲಿತರು. ಚರ್ಚಿಗೆ ಹೋಗುವ ಮನೆಯವರೂ ಅವರಲ್ಲಿದ್ದರು. ದೇವರ ಹೆಸರು ಬದಲಾಯಿತು, ಕಸಬರಿಗೆ ಹಿಡಿದ ಕೈ ಬದಲಾಗಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಕೆಲಸವೇ ನಿಲ್ಲಬೇಕೆಂದು ಹೋರಾಡಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಬಂತು. ಮಲ ಹೊರಿಸುವುದನ್ನು ತಡೆಯಲು 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಆದವು. ಒಳಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನೇ 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತು ಅಂದರೆ, ಸಾವು ನಿಂತಿಲ್ಲ ಅಂತಲೇ ಅರ್ಥ ಅಲ್ಲವೇನ್ರಿ?

ಅದಕ್ಕೇ ನನ್ನ ತಕರಾರು ರಾಡಿ ಹೊತ್ತ ಹುಡುಗರ ಮೇಲಲ್ಲ, ದಂಡೆಯ ಮೇಲೆ ನಿಂತು ನೋಡಿದ ನಮ್ಮ ಮೇಲೆ. ಹೊರಗಿನವರು ಒಂದು ದಿನ ಓಣಿ ಗುಡಿಸಿದರೆ ಅವರ ಮತ ಕೇಳುತ್ತೇವೆ. ದಿನಾ ಬೆಳಗ್ಗೆ ಗುಡಿಸುವವರ ಹೆಸರನ್ನಾದರೂ ಕೇಳಿದ್ದೇವೆಯೇ? 2018ರಿಂದ ವಡ್ಡೆಪಲ್ಲಿ ಪುರಸಭೆ ಆಗಿದೆ. ಗಟಾರಕ್ಕೆ ಇಳಿಯುವವರಿಗೆ ಕೈಗವಸು, ಬೂಟು ಇವೆಯೇ, ತಿಂಗಳ ಸಂಬಳ ತಿಂಗಳಿಗೇ ಸಿಗುತ್ತದೆಯೇ ಅಂತ ನಾವು ವಿಚಾರಿಸಬೇಕು. ಅಂಗಡಿ ಮುಂದಿನ ಕಸವನ್ನು ಅಂಗಡಿಯವರು, ದನದ ಕೊಟ್ಟಿಗೆ ಮುಂದಿನ ಮೋರಿಯನ್ನು ನಾವು ರೈತರು ನೋಡಿಕೊಂಡರೆ ಅರ್ಧ ಊರು ತಾನೇ ಚೊಕ್ಕ ಆಗ್ತದೆ.

ಚರ್ಚಿನವರು ಬರಲಿ, ಮಠದವರು ಬರಲಿ, ಮಸೀದಿಯವರು ಬರಲಿ. ಬಂದವರಿಗೆ ನೀರು ಕೊಟ್ಟು, ನಾವೂ ಒಂದು ಸಲಿಕೆ ಹಿಡಿದು ಪಕ್ಕದಲ್ಲಿ ನಿಲ್ಲೋಣ. ನಿಂತು ನೋಡಿದರೆ ಅವರ ಸೇವೆ ನಮ್ಮ ತಲೆ ಮೇಲೆ ಸಾಲ. ಜೊತೆಗೆ ದುಡಿದರೆ ಅದು ಮುಯ್ಯಿ. ಮುಯ್ಯಾಳಿಗೆ ಯಾವ ರೈತನೂ ಮತ ಕೇಳಿದ್ದಿಲ್ಲ.